ಉಗುರಿನಷ್ಟು ಸೈನಿಕನಿಗೆ ಮಳೆಗಾಲದಲ್ಲಿ ಬಣ್ಣ ಹಚ್ಚುವುದು ಹೇಗೆ?

ಮಡಿಕೇರಿ ದಸರಾದ ರಾತ್ರಿ ದಶಮಂಟಪ, ಅಂದರೆ ದೇವರು-ರಾಕ್ಷಸರ ಗೊಂಬೆಗಳನ್ನು ಹೊತ್ತ ಹತ್ತು ಮಂಟಪಗಳ ಮೆರವಣಿಗೆ, ನೋಡಲು ನಿಂತಾಗ ರಾಕ್ಷಸನ ಹುಬ್ಬನ್ನು ಒಮ್ಮೆ ಗಮನಿಸಿ. ಹತ್ತಿರ ಹೋದರೆ ಅದು ದಪ್ಪನೆಯ ಕಪ್ಪು ಪಟ್ಟೆ, ಅಷ್ಟೇ. ರಸ್ತೆಯ ಆಚೆಯಿಂದ, ಜನರ ತಲೆಗಳ ಮೇಲಿಂದ ನೋಡಿದರೆ ಅದೇ ಪಟ್ಟೆ ಸಿಟ್ಟಾಗಿ ಕಾಣುತ್ತದೆ. ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿಯೇ ಅಲ್ಲಿ ಬಣ್ಣ ಬಳಿದಿರುತ್ತಾರೆ. 10 ಮಿ.ಮೀ. ಎತ್ತರದ ಆಟದ ಸೈನಿಕನಿಗೆ ಬಣ್ಣ ಹಚ್ಚುವಾಗಲೂ ಇದೇ ಲೆಕ್ಕ. ಅವನನ್ನು ಯಾರೂ ಕಣ್ಣಿನ ಹತ್ತಿರ ಹಿಡಿದು ನೋಡುವುದಿಲ್ಲ. ಮೇಜಿನ ಮೇಲೆ, ಒಂದು ತೋಳಿನ ದೂರದಿಂದ, ಅವನ ಇಡೀ ದಂಡಿನ ಜೊತೆ ನೋಡುತ್ತಾರೆ.

ಫ್ಯಾಂಟಸಿ ವಾರ್‌ಗೇಮ್ ಎಂದರೆ ಮೇಜಿನ ಮೇಲೆ ಆಡುವ ಯುದ್ಧದ ಆಟ. ಕುಬ್ಜರು, ಚೂಪು ಕಿವಿಯ ಎಲ್ಫ್‌ಗಳು, ಹಸಿರು ಮೈಯ ಆರ್ಕ್‌ಗಳು, ಎದ್ದು ಬಂದ ಅಸ್ಥಿಪಂಜರಗಳು ಎದುರುಬದುರು ನಿಲ್ಲುತ್ತಾರೆ. ಅಳತೆ ಟೇಪು ಹಿಡಿದು ಅವರನ್ನು ನಡೆಸಬೇಕು, ದಾಳ ಉರುಳಿಸಿ ಹೊಡೆದಾಟ ತೀರ್ಮಾನಿಸಬೇಕು. ಹೆಚ್ಚು ಜನ ಆಡುವುದು 28 ಮಿ.ಮೀ. ಗೊಂಬೆಗಳಲ್ಲಿ. ಅದಕ್ಕಿಂತ ಚಿಕ್ಕವು 15, 10 ಮತ್ತು 6 ಮಿ.ಮೀ. ಈ ಸಂಖ್ಯೆ ಒಬ್ಬ ಸಾಮಾನ್ಯ ಮನುಷ್ಯನ ಗೊಂಬೆಯ ಎತ್ತರ. 10 ಮಿ.ಮೀ. ಅಂದರೆ ಕಿರುಬೆರಳಿನ ಉಗುರಿನಷ್ಟು.

ನನಗೆ ಇಷ್ಟವಾದದ್ದು ಈ 10 ಮಿ.ಮೀ. ಅಳತೆಯೇ. 2000ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ವಾರ್‌ಮಾಸ್ಟರ್ ಎಂಬ ಆಟವನ್ನು ಇದೇ ಅಳತೆಯಲ್ಲಿ ತಂದಿತು. ಅದರಲ್ಲಿ ಸೈನಿಕರು 40 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ಪಟ್ಟಿಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಅಂಥ ಮೂರು ಪಟ್ಟಿ ಸೇರಿದರೆ ಸಾಮಾನ್ಯವಾಗಿ ಒಂದು ತುಕಡಿ. 28 ಮಿ.ಮೀ.ನಲ್ಲಿ ಇಪ್ಪತ್ತು ಜನರನ್ನು ನಿಲ್ಲಿಸಿದರೆ ಅದೊಂದು ಗುಂಪು. ಇಲ್ಲಿ ಅಷ್ಟೇ ಜಾಗದಲ್ಲಿ ನಿಜವಾದ ಸೈನ್ಯ ಕಾಣುತ್ತದೆ. ಖರ್ಚೂ ಕಡಿಮೆ, ಇಡುವುದಕ್ಕೆ ಜಾಗವೂ ಕಡಿಮೆ.

ಮೊದಲು ಒಂದೇ ತುಕಡಿ ಕೊಳ್ಳಿ

ಇಡೀ ಸೈನ್ಯ ಒಟ್ಟಿಗೆ ತರಿಸಬೇಡಿ. ಬಣ್ಣ ಕಾಣದ ಇನ್ನೂರು ಗೊಂಬೆ ಡಬ್ಬಿಯಲ್ಲಿದ್ದರೆ ಮನಸ್ಸಿಗೆ ಭಾರ. ಒಂದು ತುಕಡಿ ಮುಗಿಸಿ, ಆಮೇಲೆ ಇನ್ನೊಂದು. ಇವು ಲೋಹದಲ್ಲಿ, ಪ್ಲಾಸ್ಟಿಕ್‌ನಲ್ಲಿ, ರೆಸಿನ್‌ನಲ್ಲಿ ಸಿಗುತ್ತವೆ. ಹೊರದೇಶದಿಂದ ತರಿಸುವುದಾದರೆ ಅಂಚೆ ಖರ್ಚು, ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಈಗ ತ್ರೀಡಿ ಪ್ರಿಂಟ್ ಫೈಲ್ ಕೊಂಡು ಬೆಂಗಳೂರಿನಂಥ ಊರಲ್ಲಿ ಪ್ರಿಂಟ್ ಮಾಡಿಸಿಕೊಳ್ಳುವುದು ಸುಲಭದ ದಾರಿ. ಬೇರೆಯವರ ಕೈಯಲ್ಲಿ ಪ್ರಿಂಟ್ ಮಾಡಿಸಲು ಶಿಲ್ಪಿಯ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. ರೆಸಿನ್ ಗೊಂಬೆ ಮುಟ್ಟಿದರೆ ಅಂಟಂಟು ಅನ್ನಿಸಿದರೆ ಅದು ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಕೈಗವಸು ಹಾಕಿಕೊಂಡೇ ಹಿಡಿಯಿರಿ. ಬೇಸಿಗೆಯಾದರೆ ಬಿಸಿಲಿಗಿಟ್ಟರೆ ಸಾಕು. ಜುಲೈನಲ್ಲಿ ನಮಗೆ ಬಿಸಿಲೆಲ್ಲಿ? ಯುವಿ (ಅತಿನೇರಳೆ) ದೀಪ ಬೇಕಾಗುತ್ತದೆ.

ಹಳೆಯ ಲೋಹದ ಗೊಂಬೆ ಕೊಳ್ಳುವವರಿಗೆ ಒಂದು ಮಾತು. ಅವುಗಳಲ್ಲಿ ಸೀಸ ಇರಬಹುದು. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಉಜ್ಜುವಾಗ ಮಾಸ್ಕ್ ಹಾಕಿ, ಪುಟ್ಟ ಮಕ್ಕಳ ಕೈಗೆ ಕೊಡಬೇಡಿ.

ತೊಳೆದು ಕಡ್ಡಿಗೆ ಅಂಟಿಸಿ

ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅಂಚಲ್ಲಿ ಉಳಿದ ತೆಳು ಲೋಹವನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಆಮೇಲೆ ಐಸ್‌ಕ್ರೀಮ್ ಕಡ್ಡಿಯ ಮೇಲೆ ಫೆವಿಕಾಲ್‌ನ ಸಣ್ಣ ಹನಿ ಇಟ್ಟು ಒಂದೊಂದು ಸಾಲು ನಿಲ್ಲಿಸಿ. ಇನ್ನು ಮುಂದೆ ಕಡ್ಡಿಯನ್ನೇ ಹಿಡಿಯುವುದು, ಗೊಂಬೆಯನ್ನು ಮುಟ್ಟುವುದಿಲ್ಲ.

ಪ್ರೈಮರ್: ಮಳೆಗಾಲದಲ್ಲಿ ಸ್ಪ್ರೇ ಬೇಡ

ಪ್ರೈಮರ್ ಎಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಲೇಪ. ಕೊಡಗಿನಲ್ಲಿ ಕೂತು ಈ ಕೆಲಸ ಮಾಡುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನೇ. ನಾನು ಶುರು ಮಾಡಿದ ವರ್ಷ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು), ಹೊರಗೆ ಮಳೆ ಸುರಿಯುತ್ತಿದ್ದಾಗ, ಜಗಲಿಯಲ್ಲಿ ನಿಂತು ಬಿಲ್ಲುಗಾರರ ಮೇಲೆ ಪ್ರೈಮರ್ ಸ್ಪ್ರೇ ಮಾಡಿದೆ. ಒಣಗಿದ ಮೇಲೆ ನೋಡಿದರೆ ಮೈಯೆಲ್ಲ ರವೆ ಉದುರಿಸಿದಂತೆ ತರಿ ತರಿ. ಮುಖ, ಕೈ, ಬಿಲ್ಲು ಏನೂ ಉಳಿದಿರಲಿಲ್ಲ. ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ನೆನೆಸಿ, ಉಜ್ಜಿ ತೆಗೆಯಲು ಎರಡು ದಿನ ಬೇಕಾಯಿತು. ಲೋಹದ ಗೊಂಬೆಗಳಾದ್ದರಿಂದ ಉಳಿದವು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಸರಿಯಾಗಿ ಕೂರುವುದಿಲ್ಲ. ವಾರ್ನಿಷ್ ಸ್ಪ್ರೇ ಆದರೆ ಬೆಳ್ಳಗೆ ಮಂಜು ಕವಿದಂತಾಗುತ್ತದೆ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ಕಪ್ಪು ಅಥವಾ ಕಡುಕಂದು. ತೆಳುವಾಗಿ ಎರಡು ಸಲ. ಒಣಗಿಸಲು ನಾನು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಡ್ಡಿಗಳನ್ನು ಒಳಗಿಡುತ್ತೇನೆ. ಅಗ್ಗಿಷ್ಟಿಕೆಯ ಹತ್ತಿರ ಇಡಬೇಡಿ. ಹೊಗೆಯ ಮಸಿ ಕೂರುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ.

ಪ್ರೈಮರ್ ಒಣಗಿದ ಮೇಲೆ ಡ್ರೈಬ್ರಶ್. ತಿಳಿಬೂದು ಬಣ್ಣ ಅದ್ದಿ, ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಒಣಗಿಸಿ, ಗೊಂಬೆಯ ಮೇಲೆ ಮೇಲಿಂದ ಕೆಳಗೆ ಸವರಿ. ಉಬ್ಬಿದ ಭಾಗಗಳೆಲ್ಲ ಬೆಳಗುತ್ತವೆ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ಎಲ್ಲಿ ಟೋಪಿ, ಎಲ್ಲಿ ಗುರಾಣಿ ಎಂದು ಆಗಲೇ ಮೊದಲ ಬಾರಿ ಕಣ್ಣಿಗೆ ಬೀಳುವುದು. ನನಗೆ ಈ ಕೆಲಸದಲ್ಲೇ ತುಂಬ ಪ್ರೀತಿಯ ಗಳಿಗೆ ಅದು.

ಮೂರು ಬಣ್ಣ ಸಾಕು

ಸೊನ್ನೆ ಸೊನ್ನೆ ಸೊನ್ನೆ (000) ನಂಬರಿನ ತೀರಾ ಸಣ್ಣ ಕುಂಚ ಹುಡುಕಿಕೊಂಡು ಹೋಗಬೇಡಿ. ಅದರ ತುದಿಯಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಒಳ್ಳೆಯ ಚೂಪು ತುದಿಯ 0 ಅಥವಾ 1ನೇ ನಂಬರಿನ ಕುಂಚ ಸಾಕು. ವ್ಯಾಲೆಹೋ, ಸಿಟಾಡೆಲ್‌ನಂಥ ಮಿನಿಯೇಚರ್ ಬಣ್ಣಗಳ ಪುಡಿ ನುಣ್ಣಗಿರುತ್ತದೆ. ಹಾಲಿನಷ್ಟು ತೆಳುವಾಗುವಂತೆ ನೀರು ಬೆರೆಸಿ. ಶಾಲೆಯ ಚಿತ್ರಕಲೆಗೆ ಕೊಳ್ಳುವ ಅಕ್ರಿಲಿಕ್ ಬಣ್ಣವನ್ನು ಗುಡ್ಡ, ಮರ, ನೆಲಕ್ಕೆ ಇಟ್ಟುಕೊಳ್ಳಿ.

ಒಬ್ಬ ಸೈನಿಕನನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗಬೇಡಿ. ಇಡೀ ತುಕಡಿಯ ಅಂಗಿ, ಆಮೇಲೆ ಇಡೀ ತುಕಡಿಯ ಮುಖ, ಆಮೇಲೆ ಆಯುಧ. ನಾಟಿಗೆ ಇಳಿದವರು ಸಾಲು ಹಿಡಿದು ಹೋಗುತ್ತಾರಲ್ವಾ, ಹಾಗೆ. ಬಣ್ಣಗಳು ನಿಜಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರಲಿ. ಚಿಕ್ಕ ಜಾಗದಲ್ಲಿ ಕಡು ಬಣ್ಣಗಳೆಲ್ಲ ದೂರದಿಂದ ಕಲಸಿಕೊಂಡು ಕಂದಾಗಿ ಕಾಣುತ್ತವೆ. ಕಣ್ಣು ಬರೆಯಬೇಡಿ. ಮುಖಕ್ಕೆ ಮೈಬಣ್ಣದ ಒಂದು ಚುಕ್ಕೆ ಇಟ್ಟರೆ ಮುಖವಾಯಿತು. ಹಿಂದಿನ ಸಾಲಿನವರ ಮೊಣಕಾಲು ಯಾರಿಗೂ ಕಾಣುವುದಿಲ್ಲ, ಅದನ್ನು ಕಪ್ಪಾಗಿಯೇ ಬಿಡಿ.

ಯಾವ ಮೂರು ಬಣ್ಣ? ನನ್ನ ಬೆಟ್ಟದ ಸೈನ್ಯಕ್ಕೆ ಕೊಡವರ ಉಡುಪನ್ನೇ ತೆಗೆದುಕೊಂಡೆ. ಕಪ್ಪು ಕುಪ್ಯ ಎಂಬ ಉದ್ದ ಅಂಗಿ, ಸೊಂಟಕ್ಕೆ ಸುತ್ತುವ ಕೆಂಪು ಬಟ್ಟೆ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ. ದೂರದಿಂದ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಜೋಡಣೆ ನನಗೆ ಸಿಕ್ಕಿಲ್ಲ. ಆದರೆ ಕುಪ್ಯಕ್ಕೆ ಅಚ್ಚ ಕಪ್ಪು ಬಳಿದರೆ ಮಡಿಕೆಗಳೆಲ್ಲ ಮುಚ್ಚಿಹೋಗಿ ಇದ್ದಿಲಿನ ತುಂಡಿನಂತೆ ಕಾಣುತ್ತದೆ. ಕಪ್ಪು ಪ್ರೈಮರ್ ಮೇಲೆ ಕಡುಬೂದು ಹಚ್ಚಿ, ಮಡಿಕೆಯ ಒಳಗೆ ಮಾತ್ರ ಕಪ್ಪು ಉಳಿಸಿ. ಭುಜದ ಮೇಲೆ ಇನ್ನೂ ತಿಳಿಬೂದಿನ ಒಂದು ಗೆರೆ. ಚೇಲೆಗೆ ಒಂದೇ ಎಳೆತ, ಹೊಳೆಯುವ ಕೆಂಪು. ಕತ್ತಿಗೆ ಒಂದು ಬೆಳ್ಳಿ ಚುಕ್ಕೆ. ಎದುರಾಳಿ ಹಸಿರು ಆರ್ಕ್‌ಗಳಾದರೆ ಕೆಂಪು ಇನ್ನೂ ಎದ್ದು ಕಾಣುತ್ತದೆ.

ವಾಶ್, ಆಮೇಲೆ ಬೆಳಕು

ವಾಶ್ ಎಂದರೆ ನೀರಾದ ಕಡುಕಂದು ಬಣ್ಣ. ಮೇಲಿಂದ ಬಳಿದರೆ ತಾನಾಗಿಯೇ ಸಂದುಗಳಿಗೆ ಇಳಿದು ನೆರಳಾಗುತ್ತದೆ. ಮನೆಯಲ್ಲೇ ಮಾಡುವುದಾದರೆ ಬಣ್ಣ, ನೀರಿನ ಜೊತೆ ಪಾತ್ರೆ ಸೋಪಿನ ಅರ್ಧ ಹನಿ ಸೇರಿಸಿ. ಆಗ ಅದು ಗುಳ್ಳೆಯಂತೆ ನಿಲ್ಲದೆ ಹರಿಯುತ್ತದೆ. ಎಲ್ಲಾದರೂ ಕೊಚ್ಚೆಯಂತೆ ನಿಂತರೆ ಒಣ ಕುಂಚದ ತುದಿಯಿಂದ ಹೀರಿ ತೆಗೆಯಿರಿ. ಮಳೆಗಾಲದಲ್ಲಿ ವಾಶ್ ಒಣಗಲು ಒಂದು ರಾತ್ರಿ ಕೊಡಿ. ಒದ್ದೆಯ ಮೇಲೆ ಮುಂದಿನ ಬಣ್ಣ ಹಚ್ಚಿದರೆ ಎರಡೂ ಕಿತ್ತು ಬರುತ್ತವೆ. ಬೆಳಿಗ್ಗೆ ಟೋಪಿಯ ನೆತ್ತಿ, ಭುಜ, ಈಟಿಯ ತುದಿ ಈ ಮೂರಕ್ಕೆ ತಿಳಿ ಬಣ್ಣ ಮುಟ್ಟಿಸಿ. ಅಲ್ಲಿಗೆ ಸೈನಿಕ ಮುಗಿದ.

ಕಾಲ ಕೆಳಗಿನ ನೆಲ

ದೂರದಿಂದ ನೋಡುವಾಗ ಕಣ್ಣಿಗೆ ಹೆಚ್ಚು ಬೀಳುವುದು ನೆಲವೇ. ಪಟ್ಟಿಯ ಮೇಲೆ ಫೆವಿಕಾಲ್ ಸವರಿ, ಚಹಾ ಜಾಲರಿಯಲ್ಲಿ ಜರಡಿ ಹಿಡಿದ ಹೊಳೆ ಮರಳು ಉದುರಿಸಿ. ಒಣಗಿದ ಮೇಲೆ ನಮ್ಮ ತೋಟದ ಕೆಂಗಂದು ಬಣ್ಣ, ಮೇಲೆ ತಿಳಿ ಡ್ರೈಬ್ರಶ್. ತರಗೆಲೆಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಚೆನ್ನಾಗಿರುತ್ತದೆ. ಆದರೆ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಹುರಿಯದಿದ್ದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮರದ ಮೇಲಿನ ಪಾಚಿ ಕಿತ್ತು ತಂದು ಅಂಟಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಈ ಅಳತೆಯಲ್ಲಿ ಅದರ ಎಲೆ ಬಾಳೆ ಎಲೆಯಷ್ಟು ದೊಡ್ಡದಾಗಿ ಕಾಣುತ್ತದೆ.

ಅಳತೆ ಗೊತ್ತಿದ್ದರೆ ಕಾಫಿ ತೋಟವನ್ನೇ ಮಾಡಬಹುದು. 10 ಮಿ.ಮೀ. ಎಂದರೆ ನಿಜಕ್ಕಿಂತ ಸುಮಾರು 170 ಪಟ್ಟು ಚಿಕ್ಕದು. ಆಳೆತ್ತರಕ್ಕೆ ಕತ್ತರಿಸಿದ ಕಾಫಿ ಗಿಡ ಸೈನಿಕನಷ್ಟೇ ಎತ್ತರ, 10 ಮಿ.ಮೀ. 20 ಮೀಟರಿನ ಸಿಲ್ವರ್ ಓಕ್ ಸುಮಾರು 12 ಸೆಂ.ಮೀ. ಪಾತ್ರೆ ಉಜ್ಜುವ ಸ್ಪಂಜನ್ನು ಚೂರು ಮಾಡಿ ಕಡುಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದರೆ ಗಿಡ. ಅದರ ಮೇಲೆ ಬಿಳಿ ಡ್ರೈಬ್ರಶ್ ಸವರಿದರೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ತೋಟ.

ವಾರ್ನಿಷ್ ಮತ್ತು ಇಡುವ ಜಾಗ

ಮ್ಯಾಟ್ ವಾರ್ನಿಷ್ ಕುಂಚದಲ್ಲೇ ಹಚ್ಚಿ, ತೆಳುವಾಗಿ. ಫೆವಿಕಾಲ್ ತೇವಕ್ಕೆ ಮೆತ್ತಗಾಗುತ್ತದೆ, ಹಾಗಾಗಿ ನೆಲಕ್ಕೂ ಹಚ್ಚಿ. ಸ್ಪ್ರೇ ಮಾಡಲೇಬೇಕೆಂದರೆ ಜನವರಿಯ ಒಣ ಮಧ್ಯಾಹ್ನದವರೆಗೆ ಕಾಯಿರಿ.

ಸೀಸದ ಗೊಂಬೆಗಳನ್ನು ಹೊಸ ಮರದ ಕಪಾಟಿನಲ್ಲಿ ಮುಚ್ಚಿಡಬೇಡಿ. ಕೆಲವು ಮರಗಳಿಂದ ಬರುವ ಆಮ್ಲದ ಆವಿ ಮತ್ತು ತೇವ ಸೇರಿದರೆ ಸೀಸ ಬಿಳಿ ಪುಡಿಯಾಗಿ ಸವೆಯುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಒಳ್ಳೆಯದು. ಪಟ್ಟಿಯ ಅಡಿಗೆ ಮ್ಯಾಗ್ನೆಟ್ ಹಾಳೆ ಅಂಟಿಸಿದರೆ ಸೈನಿಕರು ಅಲುಗಾಡುವುದಿಲ್ಲ. ಒಳಗೆ ನೀಲಿ ಸಿಲಿಕಾ ಜೆಲ್ ಇಡಿ, ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ.

ನಾನು ಪ್ರತಿ ವರ್ಷ ಕಕ್ಕಡದಲ್ಲಿ ಒಂದು ಹೊಸ ತುಕಡಿ ಶುರು ಮಾಡುತ್ತೇನೆ. ಹೊರಗೆ ಹೋಗುವ ಹಾಗಿರುವುದಿಲ್ಲ, ಕಿಟಕಿಯ ಬೆಳಕಿನಲ್ಲಿ ಮಧ್ಯಾಹ್ನ ಎರಡು ಗಂಟೆ ಸಿಗುತ್ತದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ, ನನಗೆ ಗಡುವು. ಮನೆಯ ಕೋವಿ, ಒಡಿಕತ್ತಿಗಳಿಗೆ ತೋಕ್‌ಪೂ ಎಂಬ ಹೂ ಇಟ್ಟು ಪೂಜೆಯಾಗುವ ದಿನ ಮೇಜಿನ ಮೇಲೆ ಈ ಉಗುರಿನಷ್ಟು ಸೈನ್ಯವೂ ಸಾಲಾಗಿ ನಿಂತಿರುತ್ತದೆ. ಊಟ ಮುಗಿಸಿದ ಮಕ್ಕಳು ದಾಳ ಹಿಡಿದು ಕಾಯುತ್ತಿರುತ್ತಾರೆ.