ಪ್ಲೇಟು ಆಮೇಲೆ, ಟೇಪು ಮೊದಲು: ಯುದ್ಧಕಾಲದ ಲಾರಿ ಹುಡುಕುವುದರಲ್ಲಿ ನನ್ನ ಅನುಭವ

ಎರಡನೇ ಮಹಾಯುದ್ಧದ ಕಾಲದ ಲಾರಿ ಗುರುತಿಸುವಾಗ, ಮಾಡೆಲ್ಲು ನಂಬರು ಕೆತ್ತಿದ ಡ್ಯಾಶ್‌ಬೋರ್ಡಿನ ಪ್ಲೇಟನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು ಅಂದಾಗ ಒಪ್ಪಿದವರು ಕಡಿಮೆ. "ನಂಬರೇ ಇಲ್ಲದ ಗಾಡಿಗೆ ಅಳತೆ ಟೇಪು ಹಿಡಿದು ಹೆಸರು ಹೇಳೋಕಾಗುತ್ತಾ?" ಅಂತ ಕೇಳಿದವರೇ ಹೆಚ್ಚು. ಆಗುತ್ತದೆ. ಪ್ಲೇಟು ನಂಬಿ ಕೊಂಡ ಮೊದಲ ಆರರಲ್ಲಿ ಮೂರು ಬೇರೆಯೇ ಗಾಡಿಗಳಾಗಿದ್ದವು. ಟೇಪು ಹಿಡಿದ ಮೇಲೆ ನೋಡಿದ ಸುಮಾರು ಮೂವತ್ತರಲ್ಲಿ ತಪ್ಪಿದ್ದು ಎರಡೋ ಮೂರೋ.

ಕಾರಣ ಸರಳ. ಎಂಬತ್ತು ವರ್ಷದಲ್ಲಿ ಎಂಜಿನ್ ಎರಡು ಮೂರು ಸಲ ಬದಲಾಗಿರುತ್ತದೆ. ಬಾನೆಟ್ಟು, ಬಾಗಿಲು ಪಕ್ಕದ ಗಾಡಿಯಿಂದ ಬಂದಿರುತ್ತವೆ. ಪ್ಲೇಟಂತೂ ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ವಸ್ತು. ಚಾಸಿ ಮತ್ತು ಆಕ್ಸಲ್ ಬದಲಿಸುವಷ್ಟು ದುಡ್ಡು ಸಾಮಾನ್ಯವಾಗಿ ಯಾರೂ ಹಳೇ ಗಾಡಿಗೆ ಸುರಿಯುವುದಿಲ್ಲ. ಅದಕ್ಕೇ ನನ್ನ ಕ್ರಮ ಕೆಳಗಿನಿಂದ ಮೇಲಕ್ಕೆ: ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವಿನ ದೂರ), ಚಕ್ರ, ಆಕ್ಸಲ್ ಹೌಸಿಂಗ್ (ಆಕ್ಸಲ್ಲಿನ ಹೊರಕವಚ), ಎಂಜಿನ್ ಕೂರುವ ಬ್ರಾಕೆಟ್, ಕ್ಯಾಬ್, ಎಂಜಿನ್, ಬಣ್ಣ, ಆಮೇಲೆ ಪ್ಲೇಟು.

ಹುಡುಕುವುದರ ಬಗ್ಗೆ ಮೊದಲು ಒಂದು ಮಾತು. "ಹಳೇ ಮಿಲಿಟರಿ ಲಾರಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ, ಸುಳ್ಳು ಹೇಳುವುದಲ್ಲ. ಅವರ ಕಣ್ಣಿಗೆ ಅದು ಮರ ಎಳೆಯುವ ಯಂತ್ರ, ನೀರಿನ ಟ್ಯಾಂಕು, ಕೊಳವೆಬಾವಿ ಕೊರೆಯುವ ರಿಗ್ಗು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹೋದ ಗಾಡಿಗಳು ಉಳಿದದ್ದು ಸಾಮಾನ್ಯ ಲಾರಿ ಮಾಡಲಾಗದ ಕೆಲಸ ಇದ್ದಲ್ಲಿ. ವಿಂಚ್ ಬೇಕಾದಲ್ಲಿ, ಎಲ್ಲ ಚಕ್ರಕ್ಕೂ ಎಳೆತ ಬೇಕಾದಲ್ಲಿ. ಹಾಗಾಗಿ ಮರದ ಯಾರ್ಡು, ಕಲ್ಲಿನ ಕ್ವಾರಿ, ಅಗ್ನಿಶಾಮಕದ ಹಿತ್ತಲು, ಕೆಟ್ಟ ಗಾಡಿ ಎಳೆಯುವವರ ಶೆಡ್ಡು. ಕೊನೆಯ ಜನ್ಮದಲ್ಲಿ ಅದು ಟ್ರೇಲರ್ ಆಗಿರುತ್ತದೆ: ಕ್ಯಾಬ್ ಇಲ್ಲ, ಎಂಜಿನ್ ಇಲ್ಲ, ಮುಂದೆ ಒಂದು ಕೊಂಡಿ. ನಾನು ಈಗ ಮೊದಲು ಕೇಳುವ ಪ್ರಶ್ನೆ: "ಎರಡು ಹೋಳು ಸೇರಿಸಿ ಸುತ್ತ ಬೋಲ್ಟು ಬಿಗಿದ ಚಕ್ರ ಎಲ್ಲಾದರೂ ನೋಡಿದ್ದೀರಾ?" ಟೈರು ಬಿಚ್ಚುವವರು ಇಂಥ ಚಕ್ರವನ್ನು ಮರೆಯುವುದಿಲ್ಲ. ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಹುಡುಕುವ ಪ್ರಯೋಗವನ್ನೂ ಒಂದು ಚಳಿಗಾಲ ಪೂರ್ತಿ ಮಾಡಿದೆ. ಸಿಕ್ಕಿದ್ದು ಎರಡು, ಅದರಲ್ಲಿ ಒಂದು ಯುದ್ಧಾನಂತರದ್ದು. ಮರದ ನೆರಳು, ತಗಡಿನ ಮಾಡು ಎಲ್ಲವನ್ನೂ ಮುಚ್ಚುತ್ತವೆ. ಅಷ್ಟು ಹೊತ್ತನ್ನು ಟೈರು ಅಂಗಡಿಗಳಲ್ಲಿ ಕಳೆಯುವುದು ಮೇಲು.

ಆ ಎರಡು ಹೋಳಿನ ಚಕ್ರದ ಬಗ್ಗೆ ಇಲ್ಲೇ ಎಚ್ಚರಿಕೆ. ಹಬ್ಬಿಗೆ ಬಿಗಿಯುವ ನಟ್ಟು ಬೇರೆ, ಹೋಳುಗಳನ್ನು ಹಿಡಿದಿಡುವ ನಟ್ಟು ಬೇರೆ. ಗಾಳಿ ಇರುವಾಗ ಎರಡನೆಯದನ್ನು ಸಡಿಲಿಸಿದರೆ ಮುಂದೆ ನಿಂತವರ ಜೀವ ಹೋಗುತ್ತದೆ. ಸೈನ್ಯದಲ್ಲಿ ಇವಕ್ಕೆ ಕೆಂಪು ಬಣ್ಣ ಹಚ್ಚುತ್ತಿದ್ದುದು ಅದಕ್ಕೇ, ಆದರೆ ಈಗ ಆ ಕೆಂಪು ಉಳಿದಿರುವುದಿಲ್ಲ. ವಾಲ್ವಿನ ಪಿನ್ನು ತೆಗೆದು, ತಂತಿ ತೂರಿಸಿ ತೂತು ಕಟ್ಟಿಲ್ಲ ಎಂದು ನೋಡಿ, ಆಮೇಲೆ ಸ್ಪ್ಯಾನರ್ ಇಡಿ. ಎಡಬದಿಯ ಹಬ್ಬಿನ ನಟ್ಟುಗಳು ಹಲವು ಅಮೆರಿಕನ್ ಗಾಡಿಗಳಲ್ಲಿ ಎಡಮರೆ, ಅಂದರೆ ಬಿಚ್ಚಲು ಉಲ್ಟಾ ತಿರುಗಿಸಬೇಕು. ತಿರುಗುತ್ತಿಲ್ಲ ಎಂದು ಆರಡಿ ಪೈಪು ಹಾಕುವ ಮೊದಲು ಸ್ಟಡ್ಡಿನ ತುದಿ ಉಜ್ಜಿ ಎಲ್ ಅಕ್ಷರ ಇದೆಯೇ ನೋಡಿ. ನಾನು ನೋಡದೆ ನಾಲ್ಕು ಸ್ಟಡ್ ಮುರಿದೆ.

ಇನ್ನು ವೀಲ್‌ಬೇಸ್. ಎರಡೂ ಬದಿ ಅಳೆಯಿರಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗಿನ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ ಸರಿದಿದೆ, ಇಲ್ಲವೇ ಚಾಸಿಯೇ ಓರೆಯಾಗಿದೆ. ಆರು ಚಕ್ರದ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿನಿಂದ ಹಿಂದಿನ ಎರಡು ಆಕ್ಸಲ್ಲುಗಳ ನಡುಮಧ್ಯಕ್ಕೆ ಅಳೆಯಬೇಕು. ಜಿಎಂಸಿಯ ಎರಡೂವರೆ ಟನ್ನಿನ ಸಿಸಿಕೆಡಬ್ಲ್ಯೂ 353ಕ್ಕೆ 164 ಇಂಚು, ಗಿಡ್ಡ 352ಕ್ಕೆ 145. ಹಿಂದಿನ ಆಕ್ಸಲ್ಲುಗಳ ನಡುವೆ 44 ಇಂಚು. ಯಾರಾದರೂ ಮೊದಲ ಹಿಂದಿನ ಆಕ್ಸಲ್ಲಿಗೆ ಅಳೆದರೆ ಉದ್ದದ ಗಾಡಿಯೇ 142 ತೋರಿಸುತ್ತದೆ, ಗಿಡ್ಡದ್ದು ಎಂದು ಕೊಂಡುಬಿಡುತ್ತಾರೆ. ಗಿಡ್ಡದ್ದು ಅಪರೂಪ, ಬೆಲೆಯೂ ಹೆಚ್ಚು, ಅದಕ್ಕೇ ಈ ತಪ್ಪು ಕೆಲವೊಮ್ಮೆ ಬೇಕೆಂದೇ ಆಗುತ್ತದೆ.

ಕೆನಡಾದ ಸಿ.ಎಂ.ಪಿ. (ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್) ಗಾಡಿಗಳಿಗೆ ಟೇಪು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಫೋರ್ಡ್ ಮತ್ತು ಷೆವರ್ಲೆ ಸೇರಿ ನಾಲ್ಕು ಲಕ್ಷಕ್ಕೂ ಮೇಲೆ ಮಾಡಿದರೂ ಸಾಮಾನ್ಯವಾಗಿ ಸಿಗುವ ಅಳತೆ ಮೂರೇ: 101, 134, 158 ಇಂಚು, ಪ್ರತಿಯೊಂದಕ್ಕೂ ಮೇಲೆ ಕಾಲು ಇಂಚು. ಇದಕ್ಕೆ ಚಕ್ರ ಸೇರಿಸಿ ಓದಿ (ಟೈರಿನ ಅಳತೆಯಲ್ಲಿ ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ). 101ರಲ್ಲಿ 9.00-16 ಟೈರಿನ ಚಕ್ರವಿದ್ದರೆ ಹದಿನೈದು ಹಂಡ್ರೆಡ್‌ವೇಟಿನದು (ಒಂದು ಹಂಡ್ರೆಡ್‌ವೇಟ್ ಅಂದರೆ ಸುಮಾರು 51 ಕಿಲೋ), 10.50-20 ಇದ್ದರೆ ಫಿರಂಗಿ ಎಳೆಯುವ ಗಾಡಿ. 134ರಲ್ಲಿ 10.50-16 ಇದ್ದರೆ ಮೂವತ್ತು ಹಂಡ್ರೆಡ್‌ವೇಟ್, 20 ಇಂಚಿನದಿದ್ದರೆ ಮೂರು ಟನ್ನಿನ 60ಎಸ್. 158 ಅಂದರೆ 60ಎಲ್. ಫಿರಂಗಿ ಗಾಡಿಯ ಬಾಡಿ ಕಿತ್ತುಹಾಕಿ ಬಯಲು ಚಾಸಿ ಮಾಡಿದ್ದನ್ನು "ಸಣ್ಣ ಲಾರಿ" ಎಂದು ಅಗ್ಗಕ್ಕೆ ಕೊಟ್ಟವರಿದ್ದಾರೆ. ನನಗೆ ಅತಿ ಹೆಚ್ಚು ಲಾಭ ತಂದ ಅಳತೆ ಅದೇ.

ಚಾಸಿ ಕತ್ತರಿಸಿ ಗಿಡ್ಡ ಮಾಡಿದ್ದರೆ? ಕಾರ್ಖಾನೆಯಲ್ಲಿ ಅಡ್ಡಪಟ್ಟಿಗಳನ್ನು ಕಾಯಿಸಿ ರಿವೆಟ್ ಹೊಡೆದಿರುತ್ತಾರೆ. ರಿವೆಟ್ಟಿನ ಜಾಗದಲ್ಲಿ ಬೋಲ್ಟು ಕಂಡರೆ, ಪಕ್ಕದಲ್ಲಿ ಪಟ್ಟಿ ಇಟ್ಟು ವೆಲ್ಡ್ ಮಾಡಿದ್ದರೆ, ವೀಲ್‌ಬೇಸ್ ಬಿಟ್ಟು ಪ್ರತಿ ಸ್ಪ್ರಿಂಗಿನ ಮುಂದಿನ ಮತ್ತು ಹಿಂದಿನ ಹ್ಯಾಂಗರುಗಳ ನಡುವಿನ ದೂರ ಅಳೆಯಿರಿ. ಕತ್ತರಿಸುವವರು ಸಾಮಾನ್ಯವಾಗಿ ಕ್ಯಾಬಿನ ಹಿಂದೆ ನೇರವಿರುವಲ್ಲಿ ಕತ್ತರಿಸುತ್ತಾರೆ, ಹ್ಯಾಂಗರಿಗೆ ಕೈ ಹಾಕುವುದಿಲ್ಲ.

ಸಿಸಿಕೆಡಬ್ಲ್ಯೂ ಕೊಳ್ಳುವವರು ಆಕ್ಸಲ್ ಹೌಸಿಂಗನ್ನು ನೋಡಲೇಬೇಕು. ಎರಡು ಹೋಳಾಗಿ ಬೋಲ್ಟು ಬಿಗಿದ ಟಿಮ್ಕೆನ್ ಸ್ಪ್ಲಿಟ್ ಒಂದು, ದುಂಡನೆಯ ಬ್ಯಾಂಜೋ ಇನ್ನೊಂದು. ಎರಡಕ್ಕೂ ಟ್ರಾನ್ಸ್‌ಫರ್ ಕೇಸ್ (ಗಿಯರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ) ಬೇರೆ. ಸ್ಪ್ಲಿಟ್ ಗಾಡಿಗೆ ಬ್ಯಾಂಜೋದ ಟ್ರಾನ್ಸ್‌ಫರ್ ಕೇಸ್ ತಂದು ಪ್ರೊಪೆಲ್ಲರ್ ಶಾಫ್ಟ್ ಕೂರದೆ ನಾನು ಕಳೆದುಕೊಂಡ ದುಡ್ಡಿನಲ್ಲಿ ಒಂದು ಗಿಯರ್‌ಬಾಕ್ಸ್ ರಿಪೇರಿ ಆಗುತ್ತಿತ್ತು. ಹಿಂದಿನ ಆಕ್ಸಲ್ಲುಗಳಲ್ಲಿ ಒಂದು ಸ್ಪ್ಲಿಟ್, ಒಂದು ಬ್ಯಾಂಜೋ ಕಂಡರೆ ಅದು ಎರಡು ಗಾಡಿ ಸೇರಿಸಿದ್ದು, ಅಲ್ಲಿಂದ ಹೊರಡಿ.

ಕ್ಯಾಬ್ ವಯಸ್ಸು ಹೇಳುತ್ತದೆ, ಆದರೆ ಕ್ಯಾಬಿನ ವಯಸ್ಸು ಮಾತ್ರ. ಸಿ.ಎಂ.ಪಿ.ಯ 11 ಮತ್ತು 12ನೇ ನಂಬರಿನ ಕ್ಯಾಬಿನ ಮುಂಗಾಜು ನೆಟ್ಟಗೆ. 1941ರ ಕೊನೆಯಿಂದ ಬಂದ 13ನೆಯದರಲ್ಲಿ ಗಾಜಿನ ಮೇಲಂಚು ಮುಂದಕ್ಕೆ, ಕೆಳಂಚು ಒಳಕ್ಕೆ. ಬಿಸಿಲಿನ ಹೊಳಪು ವಿಮಾನದವರ ಕಣ್ಣಿಗೆ ಬೀಳಬಾರದೆಂದು. ಮುಂದಿನ ಜಾಲರಿಯ ಕಣ್ಣು ವಜ್ರಾಕಾರವಿದ್ದರೆ ಷೆವರ್ಲೆ, ಚೌಕವಿದ್ದರೆ ಫೋರ್ಡ್. ಜಾಲರಿಯನ್ನೂ ಬದಲಿಸಿರುತ್ತಾರಲ್ಲ ಅಂದರೆ ನಿಜ, ಅದಕ್ಕೇ ಎಂಜಿನ್ ಬ್ರಾಕೆಟ್ ನೋಡುವುದು. ಷೆವರ್ಲೆಯ ಉದ್ದನೆಯ ಆರು ಸಿಲಿಂಡರಿಗೂ ಫೋರ್ಡಿನ ಅಗಲವಾದ ವಿ8ಗೂ ಬ್ರಾಕೆಟ್ಟಿನ ಜಾಗ ಒಂದೇ ಅಲ್ಲ. ರಿವೆಟ್ ಹೊಡೆದ ಹಳೇ ತೂತುಗಳು ಖಾಲಿ ಬಿದ್ದಿದ್ದರೆ ಇಲ್ಲಿ ಬೇರೆ ಎಂಜಿನ್ ಕೂತಿತ್ತು ಅಂತಲೇ.

ಷೆವರ್ಲೆಗೆ ಇರಬೇಕಾದದ್ದು 216 ಘನ ಇಂಚಿನ ಎಂಜಿನ್, 85 ಅಶ್ವಶಕ್ತಿ. ಪಕ್ಕದ ತಗಡಿನ ಮುಚ್ಚಳ ಎತ್ತರವಾಗಿ ಹೆಡ್ಡಿನ ತನಕ ಹೋಗಿದ್ದರೆ ಹಳೆಯದು, ಗಿಡ್ಡವಿದ್ದರೆ 1954ರ ನಂತರದ 235. ಎರಕದ ಮೇಲೆ ತಾರೀಖು ಇರುತ್ತದೆ: ಮೊದಲ ಅಕ್ಷರ ತಿಂಗಳು, ನಡುವಿನದು ದಿನ, ಕೊನೆಯದು ವರ್ಷದ ಕೊನೆಯ ಅಂಕಿ. "ಡಿ 12 3" ಅಂದರೆ ಏಪ್ರಿಲ್ 12, 1943. ಕೊನೆಯ ಅಂಕಿ ದಶಕ ಹೇಳುವುದಿಲ್ಲ, ಎಡವುವುದು ಇಲ್ಲೇ. 216 ಯುದ್ಧದ ನಂತರವೂ ವರ್ಷಗಟ್ಟಲೆ ಬಂತು, ಹಾಗಾಗಿ 1 ಅಂದರೆ 1941 ಇರಬಹುದು, 1951 ಕೂಡ ಇರಬಹುದು. ಎರಕದ ನಂಬರನ್ನೂ ಜೊತೆಗೆ ಬರೆದುಕೊಂಡು ಪಾರ್ಟ್ಸ್ ಪಟ್ಟಿಯೊಂದಿಗೆ ಹೋಲಿಸಿದರೇ ಬಗೆಹರಿಯುವುದು. ಇದರ ಕನೆಕ್ಟಿಂಗ್ ರಾಡಿಗೆ ಬ್ಯಾಬಿಟ್ (ಕರಗಿಸಿ ಎರೆಯುವ ಮೆತ್ತನೆ ಲೋಹ) ಬೇರಿಂಗ್, ಎಣ್ಣೆ ಚಿಮ್ಮಿಸಿ ತಲುಪಿಸುವ ಏರ್ಪಾಡು. ಬ್ಯಾಬಿಟ್ ಎರೆದುಕೊಡುವವರು ಸಿಗುವುದು ಕಷ್ಟ, ಸಿಕ್ಕರೂ ಆರು ರಾಡಿಗೆ ಆಗುವ ಖರ್ಚು ಎಂಜಿನ್ ಕೊಂಡ ಬೆಲೆಗಿಂತ ಹೆಚ್ಚು. ಕೊಳ್ಳುವ ಮೊದಲೇ ಆಯಿಲ್ ಪ್ಯಾನ್ ಇಳಿಸಿ ನೋಡಲು ಒಪ್ಪಿಸಿ.

ಫೋರ್ಡಿನ 239 ಘನ ಇಂಚಿನ ವಿ8ನಲ್ಲಿ ನೀರಿನ ಬಾಯಿ ಹೆಡ್ಡಿನ ನಡುಮಧ್ಯ ಇದ್ದರೆ ಸರಿ. ಮುಂದಿನ ತುದಿಯಲ್ಲಿದ್ದರೆ 1948-49ರ ಆಚೆಯದು. ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಹೋಗುವುದು ಇದರ ಹುಟ್ಟುರೋಗ. ಹೆಡ್ ಇಳಿಸಿ ನೋಡದೆ ಕೊಂಡ ಮೂರರಲ್ಲಿ ಎರಡು ಬ್ಲಾಕು ಗುಜರಿಗೇ ಹೋದವು.

ಡಾಡ್ಜ್ ಮುಕ್ಕಾಲು ಟನ್ನಿನ ಡಬ್ಲ್ಯೂಸಿ51ರ ವೀಲ್‌ಬೇಸ್ 98 ಇಂಚು. ವಿಂಚ್ ಇರುವ 52ರಲ್ಲಿ ಚಾಸಿಯ ಮುಂಗೊಂಬು ಉದ್ದ, ವಿಂಚ್ ಕಿತ್ತುಹಾಕಿದ್ದರೂ ಅದು ಸಾಕ್ಷಿ. ಎಂಜಿನ್ ನಂಬರು ಬ್ಲಾಕಿನ ಎಡಮುಂಭಾಗದಲ್ಲಿ, ಡೈನಮೋದ ಮೇಲೆ: ಟಿ214 ಎಂದು ಶುರುವಾಗಬೇಕು. ಯುದ್ಧದ ನಂತರದ ಪವರ್ ವ್ಯಾಗನ್ನಿಗೂ ಅದೇ 230 ಘನ ಇಂಚು, ನೋಡಲೂ ಹತ್ತಿರದ ನೆಂಟ, ಆದರೆ ವೀಲ್‌ಬೇಸ್ 126. ಹೆಡ್ಡಿನ ಉದ್ದವನ್ನೂ ಅಳೆಯಿರಿ. 23 ಇಂಚು ಚಿಲ್ಲರೆ ಇದ್ದರೆ ಸರಿ, 25 ಇಂಚು ಚಿಲ್ಲರೆ ಇದ್ದರೆ ಅದೇ ಮನೆತನದ ದೊಡ್ಡ ಬ್ಲಾಕು. ಗ್ಯಾಸ್ಕೆಟ್ ಕೂರುವುದಿಲ್ಲ, ರೇಡಿಯೇಟರಿಗೆ ಜಾಗ ಸಾಲುವುದಿಲ್ಲ. ವೈರಿಂಗ್ 24 ವೋಲ್ಟ್ ಇದ್ದರೆ ಸಾಮಾನ್ಯವಾಗಿ ಅದು ಐವತ್ತರ ದಶಕದ ಸೈನ್ಯದ ಗಾಡಿ. ಯುದ್ಧಕಾಲದ ಜಿಎಂಸಿ, ಸಿ.ಎಂ.ಪಿ. ಎಲ್ಲ 6 ವೋಲ್ಟ್, ಡಾಡ್ಜ್‌ನಲ್ಲಿ ರೇಡಿಯೋ ಇರುವವಕ್ಕೆ 12.

ಬೆಡ್‌ಫರ್ಡ್ ಕ್ಯೂಎಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಪ್ಪಟೆ ಮೂತಿ, 143 ಇಂಚು, 4×4. ಐವತ್ತು ಸಾವಿರದಷ್ಟು ಮಾಡಿದರೂ ಉಳಿದದ್ದು ಕಡಿಮೆ.

ಬಣ್ಣ ನನಗೆ ಬಲು ಇಷ್ಟದ ಭಾಗ. ಉಜ್ಜುವ ಜಾಗ ಮುಖ್ಯ: ಡ್ಯಾಶ್‌ಬೋರ್ಡಿನ ಹಿಂಬದಿ, ಪೆಟ್ರೋಲ್ ಟ್ಯಾಂಕಿನ ಪಟ್ಟಿಯ ಅಡಿ, ಬ್ರಷ್ಷು ತಲುಪದ ಮೂಲೆ. 400ರ ವಾಟರ್ ಪೇಪರಿನಲ್ಲಿ ನೀರು ಹಾಕಿ, ನಾಣ್ಯದಗಲ, ವೃತ್ತಾಕಾರವಾಗಿ. ಒಂದೊಂದು ಪದರ ಕಂಡಾಗ 800ಕ್ಕೆ ಬದಲಿಸಿ. ಒಣಗಿದ್ದನ್ನು ಉಜ್ಜಬೇಡಿ, ಹಳೇ ಬಣ್ಣದಲ್ಲಿ ಸೀಸ ಇದೆ, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಬ್ರಿಟಿಷ್ ಸೇವೆಯ ಗಾಡಿಯಲ್ಲಿ ಮೊದಲು ಖಾಕಿ ಹಸಿರು, ಅದರ ಮೇಲೆ 1942ರಿಂದ ಎಸ್‌ಸಿಸಿ 2 (ಎಸ್‌ಸಿಸಿ ಅಂದರೆ ಸೈನ್ಯದ ಮರೆಮಾಚು ಬಣ್ಣಗಳ ಪಟ್ಟಿ) ಎಂಬ ಕಂದು, 1944ರಿಂದ ಎಸ್‌ಸಿಸಿ 15 ಎಂಬ ಆಲಿವ್. ತಳದಲ್ಲೇ ಕಂದು ಇದ್ದರೆ 1942ಕ್ಕೆ ಮೊದಲಿನದು ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಕಿಲ್ಲ. ತಳದಲ್ಲಿ ಹೊಳೆಯುವ ಕಡುಹಸಿರೊಂದೇ ಸಿಕ್ಕಿದರೆ ಯುದ್ಧದ ನಂತರದ ಭಾಗ.

ಬಾನೆಟ್ಟಿನ ಬದಿಯಲ್ಲಿ ಬಣ್ಣದಡಿ ನಂಬರೂ ಸಿಗುತ್ತದೆ. ಅಮೆರಿಕನ್ನರದ್ದು ಮೊದಮೊದಲು ಮಂಕು ನೀಲಿ, ಆಮೇಲೆ ಬಿಳಿ. ಎರಡೂವರೆ ಟನ್ನಿನವು 4ರಿಂದ ಶುರು, ಜೀಪು 20ರಿಂದ. ಕೊನೆಯಲ್ಲಿ ಎಸ್ ಇದ್ದರೆ ರೇಡಿಯೋಗೆ ತೊಂದರೆಯಾಗದಂತೆ ಮಾಡಿದ ಗಾಡಿ. ಬ್ರಿಟಿಷರಲ್ಲಿ ಎಲ್ ಅಂದರೆ ಲಾರಿ, ಝಡ್ ಸಣ್ಣ ಟ್ರಕ್ಕು, ಎಚ್ ಫಿರಂಗಿ ಎಳೆಯುವುದು. ನೀಲಿ ಅಂಕಿಯನ್ನು ಉಜ್ಜಿ ತೆಗೆಯುವುದು ಬಹಳ ನಾಜೂಕು, ಅವಸರದಲ್ಲಿ ಒಂದು ಪೂರ್ತಿ ನಂಬರನ್ನೇ ಅಳಿಸಿಬಿಟ್ಟೆ. ಈಗ ದ್ರಾವಕದಲ್ಲಿ ನೆನೆಸಿದ ಹತ್ತಿಯಿಂದ ಪದರ ಎತ್ತುತ್ತೇನೆ. ಯಾವ ದ್ರಾವಕ, ಎಷ್ಟು ನಿಮಿಷ ಎಂಬುದು ಎರಡು ವರ್ಷದ ದುಡಿಮೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಚಾಸಿಯ ಮೇಲಿನ ಅಚ್ಚುಗುತ್ತಿದ ನಂಬರು ತುಕ್ಕಿನಡಿ ಹೋಗಿದ್ದರೆ ಗ್ರೈಂಡರ್ ಮುಟ್ಟಬೇಡಿ. ಎರಡೂ ಬದಿಯ ಮೊದಲ ಮೂರಡಿಯನ್ನು ಕೈಬ್ರಷ್ಷಿನಲ್ಲಿ ತೊಳೆದು, ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿದ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಮಾಮೂಲಿ ಕಬ್ಬಿಣದ ತಗಡು. ಗಾಡಿಯ ಬ್ಯಾಟರಿ ಮೊದಲೇ ಬಿಚ್ಚಿ. ಚಾರ್ಜರಿನ ನೆಗೆಟಿವ್ ಚಾಸಿಗೆ, ಪಾಸಿಟಿವ್ ತಗಡಿಗೆ. ತಗಡು ಚಾಸಿಗೆ ತಾಗಬಾರದು. 12 ವೋಲ್ಟಿನಲ್ಲಿ 3-4 ಆಂಪಿಯರ್, ಒಂದು ರಾತ್ರಿ, ಬಟ್ಟೆ ಒಣಗದಂತೆ. ಸ್ಟೇನ್‌ಲೆಸ್ ತಗಡು ಬಳಸಬಾರದು, ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಗಾಳಿಯಾಡುವ ಕಡೆ ಮಾಡಿ, ಹೈಡ್ರೋಜನ್ ಏಳುತ್ತದೆ. ಇದೇ ಸೋಡಾಕ್ಕೆ ಸತುವಿನ ಡ್ಯಾಶ್ ಪ್ಲೇಟೊಂದನ್ನು ಹಾಕಿದ್ದೆ. ಬೆಳಿಗ್ಗೆ ಅಕ್ಷರವೇ ಇರಲಿಲ್ಲ. ಪ್ಲೇಟಿಗೆ ಸೋಪು ನೀರು ಮತ್ತು ಮೆತ್ತನೆ ಬ್ರಷ್ಷು ಸಾಕು. ನಂಬರನ್ನು ಬೇಕೆಂದೇ ಉಜ್ಜಿ ಅಳಿಸಿದ ಗುರುತಿದ್ದರೆ ಆ ಗಾಡಿ ನನಗೆ ಬೇಡ, ಎಷ್ಟೇ ಅಗ್ಗವಿರಲಿ.

ಕೊನೆಗೆ ಪ್ಲೇಟು. ಹೊಸದಾಗಿ ಮಾಡಿದ ಪ್ಲೇಟುಗಳು ಧಾರಾಳ ಸಿಗುತ್ತವೆ. ಸ್ಕ್ರೂ ಬಿಚ್ಚಿ ಹಿಂದಿನ ಬಣ್ಣ ನೋಡಿ: ಮೂಲದ್ದಾದರೆ ಅಡಿಯಲ್ಲಿ ಅಂಚು ಚೂಪಾದ ಹಳೇ ಪದರ ಇರುತ್ತದೆ, ಆಮೇಲೆ ಹಚ್ಚಿದ ಬಣ್ಣ ಸುತ್ತ ನಿಂತಿರುತ್ತದೆ. ಮೇಲೆ ಹೇಳಿದ ಎಲ್ಲ ಒಂದೇ ಕಡೆ ಬೆರಳು ತೋರಿಸಿದ ಮೇಲೆ ಪ್ಲೇಟೂ ಅದನ್ನೇ ಹೇಳಿದರೆ ಮುಂಗಡ ಕೊಡುತ್ತೇನೆ.

ಎಷ್ಟು ಕೊಡುವುದು? ನನ್ನ ಲೆಕ್ಕ ಅಂದಾಜಿನದು. ಗಾಡಿಗೆ ಒಂದು ಪಾಲು ಕೊಟ್ಟರೆ ಟೈರು, ಟ್ಯೂಬಿಗೆ ಒಂದೂವರೆ ಪಾಲು, ಎಂಜಿನ್ನಿಗೆ ಎರಡು, ಕ್ಯಾಬಿನ ತಗಡು ಕೆಲಸಕ್ಕೆ ಎರಡು, ಸಾಗಾಣಿಕೆಗೆ ಅರ್ಧ. 20 ಇಂಚಿನ ಎರಡು ಹೋಳಿನ ಚಕ್ರ ಐದೂ ಇದ್ದರೆ ಬೆಲೆಗೆ ಹೆಚ್ಚು ಚೌಕಾಸಿ ಮಾಡುವುದಿಲ್ಲ, ಯಾಕೆಂದರೆ ಒಂದೊಂದೇ ಹುಡುಕುತ್ತ ಹೋದರೆ ಐದನೆಯದಕ್ಕೆ ಉಳಿದ ನಾಲ್ಕರಷ್ಟು ತೆತ್ತಿದ್ದೇನೆ. ಚಕ್ರ ಇಲ್ಲದ ಪೂರ್ತಿ ಗಾಡಿಗಿಂತ, ಕ್ಯಾಬ್ ಇಲ್ಲದೆ ಐದು ಚಕ್ರ, ಎರಡು ಆಕ್ಸಲ್, ಟ್ರಾನ್ಸ್‌ಫರ್ ಕೇಸ್ ಇರುವ ಟ್ರೇಲರ್ ಮೊದಲು ಕೊಳ್ಳುತ್ತೇನೆ. ಕ್ಯಾಬ್ ಮರದ ಕೆಳಗೆ ಕೋಳಿಗೂಡಾಗಿ ಸಿಗುತ್ತದೆ, ಆಕ್ಸಲ್ ಸಿಗುವುದಿಲ್ಲ.