ಮಳೆ ಬಿಟ್ಟ ಮೇಲೆ ಪಂಚಾಯತಿ ಕೆಲಸ ಎಲ್ಲ ಮುಗಿಸುದು ಹೇಗೆ? ಕಾಸರಗೋಡಿನವರಿಗೆ

ಚೌತಿ ಕಳೆದು ದೀಪಾವಳಿ ಬರುವ ವರೆಗಿನ ಸಮಯ ಉಂಟಲ್ಲ, ಪಂಚಾಯತಿ, ವಿಲ್ಲೇಜ್ ಆಫೀಸು, ಅಕ್ಷಯ (ಸರಕಾರಿ ಆನ್‌ಲೈನ್ ಕೆಲಸ ಮಾಡಿ ಕೊಡುವ ಕೇಂದ್ರ) ಅಂತ ತಿರುಗುವ ಕೆಲಸ ಮುಗಿಸಲಿಕ್ಕೆ ಇದಕ್ಕಿಂತ ಒಳ್ಳೆ ಸಮಯ ಸಿಗುದಿಲ್ಲ. ಆಟಿ ಸೋಣ ತಿಂಗಳ ಮಳೆಗೆ ಕೊಡೆ ಹಿಡ್ಕೊಂಡು ಕಾಗದ ಒದ್ದೆ ಮಾಡಿಕೊಂಡು ಹೋಗುದು ಯಾರಿಗೆ ಬೇಕು, ಮತ್ತೆ ದೀಪಾವಳಿ ಕಳೆದ್ರೆ ಅಡಿಕೆ ಕೊಯ್ಲು, ಮದುವೆ, ಗೃಹಪ್ರವೇಶ, ತುಲಾ ತಿಂಗಳ ಹತ್ತು (ಅಕ್ಟೋಬರ್ ಕೊನೆಗೆ) ಆದ್ರೆ ತೆಯ್ಯಂ ಶುರು, ಆಟದ (ಯಕ್ಷಗಾನದ) ಮೇಳದವ್ರೂ ಹೊರಡ್ತಾರೆ, ಆಮೇಲೆ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ ಕಡೆಯವ್ರಿಗೆ ಉಪಯೋಗ ಆಗ್ಲಿ ಅಂತ ಯಾವ ಕೆಲಸ ಎಲ್ಲಿ, ಹೇಗೆ ಅಂತ ಬರೀತಿದ್ದೇನೆ. ಕೆಲವು ನಿಮಗೆ ಗೊತ್ತಿರುದೇ, ಅದನ್ನು ಬಿಟ್ಟು ಓದಿ.

ಗಡಿಯಲ್ಲಿ ಇರುವ ನಾವು ಮೊದಲು ಕೇಳ್ಬೇಕಾದ ಪ್ರಶ್ನೆ ಒಂದೇ: ಇದು ನಡೆದದ್ದು ಎಲ್ಲಿ, ತಲಪಾಡಿಯ ಆಚೆಯಾ (ಕರ್ನಾಟಕ) ಈಚೆಯಾ (ಕೇರಳ)? ನಮ್ಮಲ್ಲಿ ಎಷ್ಟೋ ಮಂದಿ ಹೆರಿಗೆಗೆ ಮಂಗಳೂರಿಗೆ ಹೋಗ್ತಾರೆ, ಮನೆ ಇರುದು ಪೆರ್ಲದಲ್ಲಿ, ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಆಮೇಲೆ ಬರ್ತ್ ಸರ್ಟಿಫಿಕೇಟು ಬೇಕು ಅಂತ ಇಲ್ಲಿಯ ಪಂಚಾಯತಿಯಲ್ಲಿ ಹೋಗಿ ನಿಲ್ಲುದು. ಅದು ಇಲ್ಲಿ ಸಿಗುದಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆ ಪ್ರಕಾರ ಘಟನೆ ಎಲ್ಲಿ ಆಯ್ತೋ ಅಲ್ಲಿಯೇ ನೋಂದಣಿ, ಅಪ್ಪ ಅಮ್ಮನ ಮನೆ ಎಲ್ಲಿ ಅಂತ ಲೆಕ್ಕ ಇಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ್ರೆ ಮಾಹಿತಿ ಕೊಡುದು ಆಸ್ಪತ್ರೆಯವ್ರ ಜವಾಬ್ದಾರಿ, 21 ದಿನದ ಒಳಗೆ ಆದ್ರೆ ಫೀಸೂ ಇಲ್ಲ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಒಂದು ಫಾರ್ಮ್ ತುಂಬಿಸಲಿಕ್ಕೆ ಕೊಡ್ತಾರಲ್ಲ, ಅದರ ಮೇಲೆ ಮಾತ್ರ ಕಣ್ಣಿಡಿ. ನಮ್ಮ ಹೆಸರುಗಳಲ್ಲಿ ಇನಿಶಿಯಲ್ಲು, ಮನೆ ಹೆಸರು ಎಲ್ಲ ಸೇರಿರ್ತದೆ, ಆಧಾರ್‌ನಲ್ಲಿ ಒಂದು ಥರ, ಎಸ್ಸೆಸ್ಸೆಲ್ಸಿ ಬುಕ್ಕಿನಲ್ಲಿ ಇನ್ನೊಂದು ಥರ, ಫಾರ್ಮ್ ತುಂಬಿಸುವ ಮಾವನೋ ಚಿಕ್ಕಪ್ಪನೋ ಬಾಯಿಗೆ ಬಂದ ಸ್ಪೆಲ್ಲಿಂಗ್ ಬರೆದು ಬಿಟ್ರೆ ಅದನ್ನು ತಿದ್ದಿಸಲಿಕ್ಕೆ ಪುನಃ ಮಂಗಳೂರಿಗೇ ಹೋಗ್ಬೇಕು. ಅಪ್ಪ ಅಮ್ಮನ ಆಧಾರ್ ನೋಡಿಕೊಂಡೇ ಅಕ್ಷರ ಅಕ್ಷರ ಬರೀರಿ, ಖಾಯಂ ವಿಳಾಸದ ಜಾಗದಲ್ಲಿ ಊರಿನ ಮನೆ, ಪೋಸ್ಟು, ಪಿನ್ ಹಾಕಿ. ಮಗುವಿಗೆ ಹೆಸರು ಇಟ್ಟಿಲ್ಲವಾ, ತೊಂದರೆ ಇಲ್ಲ, ಖಾಲಿ ಬಿಡಿ, ಒಂದು ವರ್ಷದ ಒಳಗೆ ಸೇರಿಸಿದ್ರೆ ಖರ್ಚಿಲ್ಲದೆ ಆಗ್ತದೆ, ಆಮೇಲೆ ಲೇಟ್ ಫೀಸ್ ಕೊಡ್ಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಮುಂದೆ ವೋಟರ್ ಲಿಸ್ಟು ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಇದೇ ದಾಖಲೆ, ಹಾಗಾಗಿ ಉದಾಸೀನ ಬೇಡ.

ಮರಣಕ್ಕೂ ಹಾಗೆಯೇ. ಅಜ್ಜ ಮನೆಯಲ್ಲಿ ತೀರಿಕೊಂಡ್ರೆ ನಮ್ಮ ಪಂಚಾಯತಿ, ಮಂಗಳೂರಿನ ಆಸ್ಪತ್ರೆಯಲ್ಲಿ ಆದ್ರೆ ಅಲ್ಲಿಯದ್ದು, ಬೊಜ್ಜದ (ಉತ್ತರಕ್ರಿಯೆಯ) ಗಡಿಬಿಡಿಯಲ್ಲಿ 21 ದಿನ ಹೇಗೆ ಹೋಗ್ತದೆ ಅಂತ ಗೊತ್ತೇ ಆಗುದಿಲ್ಲ, ಮನೆಯಲ್ಲಿ ಒಬ್ಬರಿಗೆ ಈ ಕೆಲಸ ಅಂತಲೇ ವಹಿಸಿ ಬಿಡಿ. ಆದ್ರೆ ವಾರೀಸು ಸರ್ಟಿಫಿಕೇಟು ಬೇರೆ ವಿಷಯ, ಅದಕ್ಕೆ ನಮ್ಮ ತಾಲೂಕು ಆಫೀಸೇ.

ಮದುವೆ? ಕೇರಳದಲ್ಲಿ ಮದುವೆ ಆದ್ರೆ 45 ದಿನದ ಒಳಗೆ ರಿಜಿಸ್ಟರ್ ಮಾಡ್ಬೇಕು, ಅದೂ ಹುಡುಗನ ಪಂಚಾಯತಿಯಲ್ಲೂ ಅಲ್ಲ ಹುಡುಗಿಯ ಪಂಚಾಯತಿಯಲ್ಲೂ ಅಲ್ಲ, ಹಾಲ್ ಅಥವಾ ದೇವಸ್ಥಾನ ಇರುವ ಪಂಚಾಯತಿ ಲೆಕ್ಕದಲ್ಲಿ. ಪುತ್ತೂರಿನ ಹಾಲಿನಲ್ಲಿ ಆದ್ರೆ ಕರ್ನಾಟಕದ ಸಬ್ ರಿಜಿಸ್ಟ್ರಾರ್ ಆಫೀಸು. ಹಾಲ್ ಬುಕ್ ಮಾಡುವಾಗ ಊಟದ ಲೆಕ್ಕ ಮಾತ್ರ ಕೇಳ್ತೇವೆ, ಈ ಲೆಕ್ಕ ಯಾರೂ ಕೇಳುದಿಲ್ಲ. ಈಗ ಕೇರಳದಲ್ಲಿ ಇದೆಲ್ಲ ಸ್ಥಳೀಯಾಡಳಿತದ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್‌ನಲ್ಲಿ ಬಂದಿದೆ, ನಗರಸಭೆಗಳಿಗೆ 2024ರ ಜನವರಿ 1ಕ್ಕೆ ಶುರುವಾದದ್ದು 2025ರ ಎಪ್ರಿಲ್ 10ರಿಂದ ಪಂಚಾಯತಿಗಳಿಗೂ ಬಂತು. ಜನನ, ಮರಣ, ಮದುವೆ, ಮನೆ ಕಟ್ಟುವ ಪರ್ಮಿಟ್ಟು, ಕಟ್ಟಡ ತೆರಿಗೆ, ದೂರು ಎಲ್ಲ ಒಂದೇ ಕಡೆ, ಮದುವೆಗೆ ವಿಡಿಯೋದಲ್ಲೇ ಗುರುತು ಹೇಳುವ ವ್ಯವಸ್ಥೆ ಉಂಟು, ಗಲ್ಫಿಗೆ ವಾಪಸ್ ಹೋದ ಮದುಮಗನಿಗೆ ಅದು ದೊಡ್ಡ ಉಪಕಾರ. ಮೊಬೈಲಿಗೆ ಓಟಿಪಿ ಬರ್ಬೇಕು, ಆಧಾರ್‌ಗೆ ಯಾವ ನಂಬರ್ ಲಿಂಕ್ ಆಗಿದೆ ಅಂತ ಮೊದಲೇ ನೋಡಿ, ಕರ್ನಾಟಕದ ಹಳೇ ಸಿಮ್ಮು ಕೊಟ್ಟು ಅದು ಬಂದಾಗಿ ಕೂತವ್ರು ನಮ್ಮಲ್ಲಿ ಧಾರಾಳ ಇದ್ದಾರೆ.

ಇನ್ನು ತೆರಿಗೆ. ತೀರ್ವೆ ಬೇರೆ, ಕಟ್ಟಡ ತೆರಿಗೆ ಬೇರೆ. ತೀರ್ವೆ ಅಂದ್ರೆ ಜಾಗದ್ದು, ವಿಲ್ಲೇಜ್ ಆಫೀಸಿಗೆ, ಅದರ ರಶೀದಿ ಕೃಷಿಭವನದಿಂದ ಹಿಡಿದು ಸೊಸೈಟಿ ಸಾಲದ ವರೆಗೆ ಎಲ್ಲರೂ ಕೇಳ್ತಾರೆ. ಮನೆಯದ್ದು ಪಂಚಾಯತಿಗೆ, ವರ್ಷಕ್ಕೆ ಎರಡು ಕಂತು, ಮೊದಲ ಅರ್ಧದ್ದು ಸೆಪ್ಟೆಂಬರ್ 30ರ ಒಳಗೆ, ಎರಡನೇದು ಮಾರ್ಚ್ 31ರ ಒಳಗೆ. ತಪ್ಪಿದ್ರೆ ತಿಂಗಳಿಗೆ 2 ಪರ್ಸೆಂಟ್ ದಂಡ ಸೇರ್ತಾ ಹೋಗ್ತದೆ. ಮುಂದಿನ ಸಲಕ್ಕೆ ನೆನಪಿಡಿ, ಎಪ್ರಿಲ್ 30ರ ಒಳಗೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರೆ. 60 ಚದರ ಮೀಟರಿನ ಒಳಗಿನ ಸ್ವಂತ ವಾಸದ ಮನೆಗೆ ತೆರಿಗೆ ಇಲ್ಲ, ಸಣ್ಣ ಮನೆಯವ್ರು ಸುಮ್ಮನೆ ಕಟ್ತಾ ಇದ್ರೆ ಹೋಗಿ ಕೇಳಿ. ಹಳೇ ಬಾಕಿ ಉಂಟಾ ಅಂತ ನೋಡ್ಲಿಕ್ಕೆ ವಾರ್ಡ್ ನಂಬರ್, ಮನೆ ನಂಬರ್ ಸಾಕು, ಆದ್ರೆ ವಾರ್ಡ್ ವಿಂಗಡಣೆ ಆದ ಮೇಲೆ ಹಳೇ ವಾರ್ಡ್ ನಂಬರೇ ಹಿಡ್ಕೊಂಡು ಕೂತ್ರೆ ಬೇರೆಯವ್ರ ಮನೆ ತೋರಿಸ್ತದೆ, ಹಣ ಕಟ್ಟುವ ಮೊದಲು ಹೆಸರು ಓದಿ ನೋಡಿ ಮಾರಾಯ್ರೆ.

ಮನೆ ಮನೆಗೆ ಬಂದು ಪ್ಲಾಸ್ಟಿಕ್ ಕಸ ತಗೊಂಡು ಹೋಗುವ ಹರಿತ ಕರ್ಮ ಸೇನೆಯವ್ರ ಹತ್ರ ಜಗಳ ಮಾಡುದನ್ನು ಇನ್ನಾದ್ರೂ ಬಿಡುವ. ಪಂಚಾಯತಿಯಲ್ಲಿ ಮನೆಗೆ ತಿಂಗಳಿಗೆ 50 ರುಪಾಯಿ, ಬಿಸಿಲಿಗೆ ಗುಡ್ಡೆ ಹತ್ತಿ ಬರುವ ಅಕ್ಕಂದಿರು ಅವ್ರು. "ನಮ್ಮಲ್ಲಿ ಪ್ಲಾಸ್ಟಿಕ್ಕೇ ಇಲ್ಲ" ಅಂತ ಹೇಳಿದ್ರೂ ಯೂಸರ್ ಫೀ ಕೊಡ್ಲೇಬೇಕು, 90 ದಿನ ದಾಟಿದ್ರೆ ಅರ್ಧದಷ್ಟು ದಂಡ ಸೇರಿಸಿ ಕಟ್ಟಡ ತೆರಿಗೆಯ ಒಟ್ಟಿಗೆ ವಸೂಲಿ ಮಾಡ್ಲಿಕ್ಕೆ ಕಾನೂನು ಉಂಟು. ಹಾಲಿನ ಕವರ್ ತೊಳೆದು ಹಗ್ಗದಲ್ಲಿ ನೇತು ಹಾಕಿ ಒಣಗಿಸಿ, ಮೀನಿನ ತೊಟ್ಟೆ ಹಾಗೆಯೇ ಸುತ್ತಿ ಕೊಡ್ಬೇಡಿ. ಗಾಜು, ಹಳೇ ಚಪ್ಪಲು, ಬ್ಯಾಗು, ಬಟ್ಟೆ, ಕೆಟ್ಟ ಮಿಕ್ಸಿ ಬಲ್ಬು ಇದನ್ನೆಲ್ಲ ಎಲ್ಲಾ ತಿಂಗಳೂ ತಗೊಳ್ಳುದಿಲ್ಲ, ಅದಕ್ಕೆ ಒಂದು ಕ್ಯಾಲೆಂಡರ್ ಉಂಟು, ಯಾವ ತಿಂಗಳು ಯಾವುದು ಅಂತ ಅವರನ್ನೇ ಕೇಳಿ ಗೋಡೆಯಲ್ಲಿ ಬರೆದಿಡಿ. ನವರಾತ್ರಿಗೆ ಮನೆ ಗುಡಿಸಿದಾಗ ಬಂದದ್ದನ್ನೆಲ್ಲ ತೋಟದ ಮೂಲೆಯಲ್ಲಿ ಸೋಗೆಯ ಒಟ್ಟಿಗೆ ಹಾಕಿ ಬೆಂಕಿ ಕೊಡುವ ಅಭ್ಯಾಸ ಇರುವವ್ರಿಗೆ ಒಂದು ಮಾತು, ಕಸ ಸುಟ್ರೆ, ಎಸೆದ್ರೆ ದಂಡ 1,000ದಿಂದ 10,000 ರುಪಾಯಿ ವರೆಗೆ, ತೋಡಿಗೋ ಹೊಳೆಗೋ ಹಾಕಿದ್ರೆ ಇನ್ನೂ ಜಾಸ್ತಿ.

ಇದಕ್ಕೇ ಸೇರಿದ ಇನ್ನೊಂದು ವಿಷಯ ಹೆಚ್ಚಿನವ್ರಿಗೆ ಗೊತ್ತಿಲ್ಲ. 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಇದ್ರೆ, ಗೃಹಪ್ರವೇಶವೋ ಭಜನಾ ಮಂದಿರದ ಶಾರದೋತ್ಸವವೋ ಏನೇ ಇರ್ಲಿ, ಮೂರು ದಿನ ಮೊದಲೇ ಪಂಚಾಯತಿಗೆ ತಿಳಿಸಿ ಕಸ ತಗೊಂಡು ಹೋಗುವ ಏರ್ಪಾಟು ಮಾಡ್ಬೇಕು, ಅದಕ್ಕೆ ಫೀಸು ಉಂಟು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ ಪ್ಲೇಟು ಕೇರಳದಲ್ಲಿ 2020ರ ಜನವರಿಯಿಂದಲೇ ಬಂದ್. ಅಡಿಕೆ ತೋಟದ ಊರಿನವ್ರಾಗಿ ಹಾಳೆ ತಟ್ಟೆ ಬಿಟ್ಟು ಬೇರೆ ತರ್ಲಿಕ್ಕೆ ಪೇಟೆಗೆ ಹೋಗುದು ಯಾಕೆ ಅಂತ ನನಗಂತೂ ಅರ್ಥ ಆಗುದಿಲ್ಲ. ಮೈಕಿಗೆ ಪೊಲೀಸ್ ಸ್ಟೇಷನ್ನಿನ ಅನುಮತಿ ಬೇರೆಯೇ ತಗೊಳ್ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಮೈಕ್ ಇಲ್ಲ, ಆಟ ಇಡೀ ರಾತ್ರಿ ಇಡ್ತೇವೆ ಅಂತ ನೋಟೀಸ್ ಪ್ರಿಂಟ್ ಮಾಡಿಸುವ ಮೊದಲು ಇದನ್ನು ಯೋಚನೆ ಮಾಡಿ.

ಈಗ ಬಾವಿ. ಮಳೆಗಾಲದಲ್ಲಿ ಗುಡ್ಡೆಯ ನೀರೆಲ್ಲ ಇಳಿದು ಬಾವಿ ತುಂಬಿರ್ತದೆ, ಕಣ್ಣಿಗೆ ತಿಳಿ ಕಂಡ್ರೂ ಒಂದು ಸಲ ಬ್ಲೀಚಿಂಗ್ ಪೌಡರ್ ಹಾಕುದು ಒಳ್ಳೇದು. ಮುಷ್ಟಿಯಲ್ಲಿ ತುಂಬಿ ಬಾವಿಗೆ ಎಸೆಯುದಲ್ಲ ಮತ್ತೆ. 1,000 ಲೀಟರ್ ನೀರಿಗೆ ಎರಡೂವರೆ ಗ್ರಾಂ ಲೆಕ್ಕ. ನೀರು ಎಷ್ಟು ಉಂಟು ಅಂತ ನೋಡ್ಲಿಕ್ಕೆ ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದ್ರೆ ಲೀಟರ್ ಸಿಗ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರು ಇದ್ರೆ ಸುಮಾರು 21,000 ಲೀಟರ್, ಅಂದ್ರೆ 53 ಗ್ರಾಂ ಪೌಡರ್ ಸಾಕು. ಅದನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿಗೆ ಹಾಕಿ ಗಂಟಿಲ್ಲದ ಹಾಗೆ ಕಲಸಿ, ಮತ್ತೆ ಮುಕ್ಕಾಲು ಬಕೆಟ್ ಆಗುವಷ್ಟು ನೀರು ಹಾಕಿ, ಹತ್ತು ನಿಮಿಷ ಮುಟ್ಟದೆ ಇಡಿ. ಅಡಿಯಲ್ಲಿ ಸುಣ್ಣ ಕೂರ್ತದೆ, ಮೇಲಿನ ತಿಳಿ ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ, ಆ ಬಕೆಟನ್ನು ಹಗ್ಗದಲ್ಲಿ ನೀರಿನ ಒಳಗೆ ಇಳಿಸಿ ಮೇಲೆ ಕೆಳಗೆ ಎಳೆದು ಚೆನ್ನಾಗಿ ಕದಡಿ. ಸುಣ್ಣ ಬಾವಿಗೆ ಹೋದ್ರೆ ನೀರು ಗಡಸಾಗ್ತದೆ, ಅದಕ್ಕೇ ಈ ತಿಳಿ ತೆಗೆಯುವ ಕೆಲಸ. ಕಡಿಮೆ ಅಂದ್ರೆ ಒಂದು ಗಂಟೆ ಕಳೆದ ಮೇಲೆ ನೀರು ಸೇದಿ, ರಾತ್ರಿ ಮಾಡಿ ಬೆಳಿಗ್ಗೆ ಸೇದಿದ್ರೆ ಇನ್ನೂ ಒಳ್ಳೇದು. ಪೌಡರಿನ ಕಟ್ಟು ಹಳೇದಾಗಿ ವಾಸನೆಯೇ ಇಲ್ಲದಿದ್ರೆ ಅದು ಉಪಯೋಗಕ್ಕಿಲ್ಲ. ಸುರಂಗದ (ಗುಡ್ಡೆಗೆ ಅಡ್ಡ ಕೊರೆದು ನೀರು ತರುವ) ನೀರು ಕುಡಿಯುವವ್ರು ಸುರಂಗದ ಒಳಗೆ ಹಾಕಿ ಪ್ರಯೋಜನ ಇಲ್ಲ, ನೀರು ಹರಿದು ಹೋಗ್ತಾ ಇರ್ತದಲ್ಲ, ಹೊರಗಿನ ಟ್ಯಾಂಕಿಯಲ್ಲೇ ಮಾಡಿ. ಏನೇ ಮಾಡಿದ್ರೂ ಕುಡಿಯುವ ನೀರು ಕುದಿಸಿಯೇ ಕುಡೀರಿ.

ಜ್ವರದ ಬಗ್ಗೆ ಸಣ್ಣಕ್ಕೆ ಹೇಳ್ತೇನೆ. ಮಳೆ ಒಂದು ದಿನ ಬಂದು ನಾಲ್ಕು ದಿನ ಬಿಡುವ ಈ ಹೊತ್ತಿಗೇ ಡೆಂಗಿ ಸೊಳ್ಳೆ ಜಾಸ್ತಿ. ತೋಟದಲ್ಲಿ ಬಿದ್ದ ಹಾಳೆಯಲ್ಲಿ ಒಂದು ಲೋಟ ನೀರು ನಿಂತಿರ್ತದೆ, ರಬ್ಬರ್ ಹಾಲು ಹಿಡಿಯುವ ಚಿರಟೆಯಲ್ಲಿ ಟ್ಯಾಪಿಂಗ್ ಇಲ್ಲದ ದಿನ ನೀರು ನಿಂತಿರ್ತದೆ, ವಾರಕ್ಕೊಮ್ಮೆ ಕವುಚಿ ಹಾಕಿದ್ರೆ ಮರಿ ಆಗುದಿಲ್ಲ. ಕೆಸರಲ್ಲಿ, ತೋಡಲ್ಲಿ ಕೆಲಸ ಮಾಡುವವ್ರು ಇಲಿಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ಎಷ್ಟು ಹೇಗೆ ಅಂತ ಅವ್ರು ಹೇಳಿದ ಹಾಗೆಯೇ ತಗೊಳ್ಳಿ. ಜ್ವರ ಬಂದ್ರೆ ಮೆಡಿಕಲಿನ ಮಾತ್ರೆ ತಿಂದು ಮಲಗ್ಬೇಡಿ. ಮನೆಯ ನಾಯಿಗೆ ರೇಬಿಸ್ ಇಂಜೆಕ್ಷನ್ ಕೊಡಿಸಿ, ಆ ಸರ್ಟಿಫಿಕೇಟ್ ಇದ್ರೆ ಪಂಚಾಯತಿ ಲೈಸೆನ್ಸಿಗೂ ಆಯ್ತು.

ಗ್ರಾಮಸಭೆಗೆ ಹೋಗುದು ಯಾರು ಅಂತ ಕೇಳಬೇಡಿ. ಕಾನೂನು ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದ್ರೂ ಪ್ರತಿ ವಾರ್ಡಿನಲ್ಲಿ ಸೇರ್ಬೇಕು, ಕರೆಯುದು ವಾರ್ಡ್ ಮೆಂಬರ್, ವೋಟರ್‌ಗಳಲ್ಲಿ 10 ಪರ್ಸೆಂಟ್ ಜನ ಇದ್ರೆ ಕೋರಂ. ಮನೆ ರಿಪೇರಿ, ತೆಂಗಿನ ಗೊಬ್ಬರ, ಆಡು ಕೋಳಿ ಯಾರಿಗೆ ಅಂತ ಫಲಾನುಭವಿ ಪಟ್ಟಿ ಅಲ್ಲಿಯೇ ಆಗುದು, ಮತ್ತೆ ಚಾಯದಂಗಡಿಯಲ್ಲಿ ಕೂತು "ಅವನಿಗೆ ಸಿಕ್ಕಿತು ನನಗಿಲ್ಲ" ಅಂದ್ರೆ ಎಂತ ಮಾಡುದು. ರಸ್ತೆ, ಬೀದಿ ದೀಪ, ಕಟ್ಟ (ತೋಡಿಗೆ ಅಡ್ಡ ಹಾಕುವ ಒಡ್ಡು) ಕಟ್ಟುವ ವಿಷಯ ಇದ್ರೆ ಬಾಯಿಯಲ್ಲಿ ಹೇಳಿ ಬಿಡ್ಬೇಡಿ, ಬರೆದು ಕೊಟ್ಟು ಮಿನಿಟ್ಸಲ್ಲಿ ಸೇರಿಸಿ ಅಂತ ಹೇಳಿ. ಕಟ್ಟದ ವಿಷಯವನ್ನಂತೂ ಈಗಲೇ ಎತ್ತಬೇಕು, ತೋಡಿನ ನೀರು ಇಳಿದ ಮೇಲೆ ಸಭೆ ಸೇರಿ ಪ್ರಯೋಜನ ಇಲ್ಲ.

ಬರೆಯುದು ಕನ್ನಡದಲ್ಲೇ ಬರೀರಿ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯಟ್, ಇಲಾಖೆಗಳ ಮುಖ್ಯಸ್ಥರು, ಮತ್ತೆ ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಜಾಗದ ಸರಕಾರಿ ಆಫೀಸುಗಳ ಜತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕುಂಟು, ಉತ್ತರವೂ ಅದೇ ಭಾಷೆಯಲ್ಲಿ ಬರ್ಬೇಕು. ಅರ್ಜಿಯ ಕೊನೆಗೆ "ಉತ್ತರವನ್ನು ಕನ್ನಡದಲ್ಲಿಯೇ ಕೊಡಬೇಕಾಗಿ ವಿನಂತಿ" ಅಂತ ಒಂದು ಸಾಲು ಹಾಕಿ, ಎರಡು ಕಾಪಿ ತಗೊಂಡು ಹೋಗಿ, ಒಂದರಲ್ಲಿ ಸೀಲು ತಾರೀಕು ಹಾಕಿಸಿಕೊಂಡು ಬನ್ನಿ. ಕೌಂಟರಿನಲ್ಲಿ ಕೂತವ್ರಿಗೆ ಕನ್ನಡ ಬಾರದಿದ್ರೆ ಅವ್ರ ಹತ್ರ ಚರ್ಚೆ ಮಾಡಿ ಫಲ ಇಲ್ಲ, ಮಲಯಾಳದಲ್ಲಿ ಎರಡು ಮಾತು ಹೇಳಿ ಕೆಲಸ ಮಾಡಿಸಿ, ಕಾಗದ ಮಾತ್ರ ಕನ್ನಡದಲ್ಲೇ ಕೊಡಿ. ಕನ್ನಡ ಅರ್ಜಿ ಬರುದೇ ಇಲ್ಲ ಅಂತ ಆದ್ರೆ ಕನ್ನಡ ಗೊತ್ತಿರುವವ್ರನ್ನು ಹಾಕಿ ಅಂತ ಕೇಳ್ಲಿಕ್ಕೆ ನಮ್ಮ ಹತ್ರ ಲೆಕ್ಕವೇ ಇರುದಿಲ್ಲ.

ಪೆನ್ಶನ್ ಬರುವ ಅಜ್ಜ ಅಜ್ಜಿ ಮನೆಯಲ್ಲಿದ್ರೆ ಮಸ್ಟರಿಂಗ್ (ಜೀವಂತ ಇದ್ದಾರೆ ಅಂತ ಖಾತ್ರಿ ಮಾಡುದು) ಆಗಿದೆಯಾ ಅಂತ ಅಕ್ಷಯದಲ್ಲಿ ಒಮ್ಮೆ ಕೇಳಿ, ಏಳ್ಲಿಕ್ಕಾಗದವ್ರಿದ್ರೆ ಮನೆಗೇ ಬರ್ತಾರೆ. ವೋಟರ್ ಲಿಸ್ಟ್ ಎರಡುಂಟು, ಪಂಚಾಯತಿ ಚುನಾವಣೆಯದ್ದು ರಾಜ್ಯ ಚುನಾವಣಾ ಆಯೋಗದ್ದು, ವಿಧಾನಸಭೆ ಲೋಕಸಭೆಯದ್ದು ಬೇರೆ, ಒಂದರಲ್ಲಿ ಹೆಸರಿದ್ರೆ ಇನ್ನೊಂದರಲ್ಲೂ ಉಂಟು ಅಂತ ಇಲ್ಲ, ಮದುವೆಯಾಗಿ ಬಂದ ಸೊಸೆಯಂದಿರದ್ದು ಮುಖ್ಯವಾಗಿ ನೋಡಿ.

ಕೊನೆಗೆ ಗುಡುಗು. ತುಲಾ ತಿಂಗಳ ಮಳೆ ಮಧ್ಯಾಹ್ನದ ಮೇಲೆಯೇ ಬರುದು, ಮಿಂಚು ಸಹ ಅದರ ಒಟ್ಟಿಗೆ. ಅಡಿಕೆ ಅಂಗಳದಲ್ಲಿ ಹರಡಿದ್ದು ಉಂಟು ಅಂತ ಮಿಂಚುವಾಗ ಓಡ್ಬೇಡಿ, ಅಡಿಕೆ ಒದ್ದೆಯಾದ್ರೆ ಪುನಃ ಒಣಗಿಸ್ಲಿಕ್ಕೆ ಆಗ್ತದೆ. ಟಿವಿ, ಮೋಡೆಮ್, ಫ್ರಿಜ್ಜು, ಪಂಪಿನ ಪ್ಲಗ್ ಗುಡುಗು ಹತ್ರ ಬರುವ ಮೊದಲೇ ತೆಗೀರಿ. ಲೈನಿಗೆ ತಾಗುವ ತೆಂಗಿನ ಮಡಲು, ಮಾವಿನ ಗೆಲ್ಲು ಇದ್ರೆ ನೀವೇ ಕತ್ತಿ ಹಿಡ್ಕೊಂಡು ಹತ್ತಬೇಡಿ, ಕರೆಂಟಿನ ಸೆಕ್ಷನ್ ಆಫೀಸಿಗೆ ಹೇಳಿ, ಲೈನ್ ಕಡಿದು ಬಿದ್ರೆ ಹತ್ರ ಹೋಗದೆ 1912ಕ್ಕೆ ಫೋನ್ ಮಾಡಿ. ಗಾಳಿಗೆ ಅಡಿಕೆ ಮರ, ಬಾಳೆ ಬಿದ್ರೆ ಕಡಿದು ತೆಗೆಯುವ ಮೊದಲು ಫೋಟೋ ತೆಗೆದು ಆ ವಾರವೇ ಕೃಷಿಭವನಕ್ಕೆ ಅರ್ಜಿ ಕೊಡಿ, ಮನೆಯ ಹಂಚು ಹಾರಿದ್ರೆ ವಿಲ್ಲೇಜ್ ಆಫೀಸಿಗೆ, ಎರಡಕ್ಕೂ ಈ ವರ್ಷದ ತೀರ್ವೆ ರಶೀದಿ ಕೈಯಲ್ಲಿರ್ಲಿ.