ಒಂದು ದಿನಕ್ಕೆ 450 ನಿಮಿಷ

ನಮ್ಮ ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ಬೆಳಗಿನ ಪಾಳಿ ಆರರಿಂದ ಎರಡರವರೆಗೆ. ಹತ್ತಕ್ಕೆ ಅರ್ಧ ಗಂಟೆ ತಿಂಡಿಯ ಬಿಡುವು. ಅಂದರೆ ಕೈಗೆ ಸಿಗುವುದು ಏಳೂವರೆ ಗಂಟೆ. ಕೆಲಸಗಳ ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಇದನ್ನು ಎರಡು ಕಡೆ ಹೇಳಬೇಕು. ನಾನು ಒಂದೇ ಕಡೆ ಹೇಳಿ ಪೇಚಿಗೆ ಸಿಕ್ಕಿದ್ದೆ.

ಮೊದಲನೆಯದು ಕ್ಯಾಲೆಂಡರ್. ಪ್ರಾಜೆಕ್ಟ್ ಟ್ಯಾಬ್‌ನಲ್ಲಿ 'ಚೇಂಜ್ ವರ್ಕಿಂಗ್ ಟೈಮ್' ತೆರೆದು ಹೊಸ ಕ್ಯಾಲೆಂಡರ್ ಮಾಡಿಕೊಳ್ಳಿ. 'ವರ್ಕ್ ವೀಕ್ಸ್' ಟ್ಯಾಬ್‌ನ 'ಡೀಟೇಲ್ಸ್' ಒತ್ತಿ, ಸೋಮವಾರದಿಂದ ಶನಿವಾರದವರೆಗೆ 6ರಿಂದ 10, 10:30ರಿಂದ 2 ಎಂದು ತುಂಬಿಸಿ. ರಜೆಗಳು 'ಎಕ್ಸೆಪ್ಷನ್ಸ್' ಟ್ಯಾಬ್‌ಗೆ ಹೋಗುತ್ತವೆ. ನವೆಂಬರ್ 1ನ್ನು ಪ್ರತಿವರ್ಷ ಮರುಕಳಿಸುವಂತೆ ಹಾಕಬಹುದು, ಯುಗಾದಿಯನ್ನು ಮಾತ್ರ ಪಂಚಾಂಗ ನೋಡಿಯೇ ಹಾಕಬೇಕು. ಕೊನೆಗೆ 'ಪ್ರಾಜೆಕ್ಟ್ ಇನ್ಫರ್ಮೇಷನ್'ನಲ್ಲಿ ಈ ಕ್ಯಾಲೆಂಡರನ್ನು ಆರಿಸಿ. 'ರಿಸೋರ್ಸ್ ಶೀಟ್'ನಲ್ಲಿ ಮೊದಲೇ ಸೇರಿಸಿದ ಫಿಟ್ಟರ್‌ಗಳಿದ್ದರೆ 'ಬೇಸ್' ಕಾಲಂ ನೋಡಿ. ಅಲ್ಲಿ 'ಸ್ಟ್ಯಾಂಡರ್ಡ್' (ತಂತ್ರಾಂಶದ ಜೊತೆಗೇ ಬರುವ ಕ್ಯಾಲೆಂಡರ್) ಎಂದಿದ್ದರೆ ಯೋಜನೆಯ ಲೆಕ್ಕದಲ್ಲಿ ಅವರು ಎಂಟು ಗಂಟೆಗೇ ಕೆಲಸಕ್ಕೆ ಬರುತ್ತಾರೆ.

ನಾನು ಇಷ್ಟಕ್ಕೇ ನಿಲ್ಲಿಸಿ, ಪಂಪಿನ ಬೇರಿಂಗ್ ಬದಲಿಸುವ ಕೆಲಸಕ್ಕೆ '1d', ಅಂದರೆ ಒಂದು ದಿನ, ಎಂದು ಬರೆದಿದ್ದೆ. ಸೋಮವಾರ ಮಧ್ಯಾಹ್ನ ಮುಗಿಯಬೇಕಾದ ಕೆಲಸ ಮಂಗಳವಾರಕ್ಕೆ ಜಾರಿತು. "ಸಾರ್, ಇದಕ್ಕೆ ಎರಡು ದಿನ ಏಕೆ?" ಎಂದರು ಫೋರ್‌ಮನ್. ಪರದೆಯಲ್ಲಿ ತಾರೀಖು ಮಾತ್ರ ಕಾಣುತ್ತಿತ್ತು. 'ಆಪ್ಷನ್ಸ್'ನ 'ಜನರಲ್' ಪುಟದಲ್ಲಿ ವೇಳೆಯೂ ಕಾಣುವ ನಮೂನೆ ಆರಿಸಿದ ಮೇಲೆ ಗುಟ್ಟು ಬಯಲಾಯಿತು: ಮಂಗಳವಾರ ಬೆಳಿಗ್ಗೆ 6:30. ಕ್ಯಾಲೆಂಡರ್ ಏನೇ ಹೇಳಲಿ, ತಂತ್ರಾಂಶದ ಲೆಕ್ಕದಲ್ಲಿ ಒಂದು ದಿನವೆಂದರೆ ಎಂಟು ಗಂಟೆ, 480 ನಿಮಿಷ. ಉಳಿದ ಅರ್ಧ ಗಂಟೆ ಮರುದಿನದ ಪಾಲಾಗಿತ್ತು.

ಆದ್ದರಿಂದ ಎರಡನೆಯದು, 'ಆಪ್ಷನ್ಸ್'ನ 'ಶೆಡ್ಯೂಲ್' ಪುಟ. ದಿನಕ್ಕೆ 7.5, ವಾರಕ್ಕೆ 45 ಗಂಟೆ ಎಂದು ತಿದ್ದಿ. ಆರಂಭದ ವೇಳೆ 6, ಮುಕ್ತಾಯದ್ದು 2 ಆಗಲಿ. ಕೆಲಸಗಳನ್ನು ಬರೆಯುವ ಮುಂಚೆಯೇ ಇದನ್ನು ಮಾಡಿ. ನಂತರ ಮಾಡಿದರೆ ಹಳೆಯ '1d' ಗಳೆಲ್ಲ '1.07d' ಎಂದು ಹಲ್ಲು ಕಿರಿಯುತ್ತವೆ.

ಚಿಕ್ಕ ಕೆಲಸಗಳನ್ನು ದಿನದಲ್ಲಿ ಅಳೆಯಬೇಡಿ. ವಾಲ್ವ್ ಬದಲಿಸಲು '45m', ಕಪ್ಲಿಂಗ್ ಜೋಡಿಸಲು '2h' ಎಂದೇ ಬರೆಯಿರಿ. ಬಣ್ಣ ಒಣಗುವುದಕ್ಕೆ ಪಾಳಿಯ ಹಂಗಿಲ್ಲ, ಅದಕ್ಕೆ '12eh', ಅಂದರೆ ಪಾಳಿ, ರಜೆ ನೋಡದೆ ಗಡಿಯಾರದ ಲೆಕ್ಕದಲ್ಲಿ ಹನ್ನೆರಡು ಗಂಟೆ.

ಕೆಲಸ ಶುರುವಾಗುವ ಮುಂಚೆ 'ಸೆಟ್ ಬೇಸ್‌ಲೈನ್' ಒತ್ತಿ ಮೂಲ ಯೋಜನೆಯನ್ನು ಉಳಿಸಿಟ್ಟುಕೊಳ್ಳಿ. ಮುಕ್ಕಾಲು ಗಂಟೆಯ ಕೆಲಸಕ್ಕೆ ಶೇ. 40 ಮುಗಿದಿದೆ ಎಂದು ತುಂಬಿಸುವುದು ಕಾಲಹರಣ. ಹಾಗೆಂದು ಬರೀ ಶೇ. 100 ಒತ್ತಿದರೆ, ಯೋಜನೆಯಲ್ಲಿದ್ದ ವೇಳೆಗೇ ಕೆಲಸ ನಡೆಯಿತೆಂದು ದಾಖಲಾಗುತ್ತದೆ. ಫೋರ್‌ಮನ್ ಚೀಟಿಯಲ್ಲಿ 6:40, 7:50 ಎಂದು ಗೀಚಿ ಕೊಡುತ್ತಾರೆ. ಅದನ್ನೇ 'ಆಕ್ಚುಯಲ್ ಸ್ಟಾರ್ಟ್', 'ಆಕ್ಚುಯಲ್ ಫಿನಿಶ್' ಕಾಲಂಗಳಿಗೆ ಇಳಿಸುತ್ತೇನೆ. ಗ್ರೀಸ್ ಹಚ್ಚುವುದು, ಬೋಲ್ಟ್ ಬಿಗಿ ಮಾಡುವುದಕ್ಕೆಲ್ಲ ಬೇರೆ ಸಾಲು ಕೊಡುವುದಿಲ್ಲ. ಅವು ದೊಡ್ಡ ಕೆಲಸದ 'ನೋಟ್ಸ್'ನಲ್ಲಿ ಇರುತ್ತವೆ.